ದಿಲ್ಲಿಯ ಕಿರುನೌಕೆಗಳು

ಕಡಲಿನ ಗಾಳಿಯೇ ಸುಳಿಯದ ದಿಲ್ಲಿಯಲ್ಲಿ ನೌಕಾನಿರ್ಮಾಣದ ಕಲೆಯೊಂದು, ಕಿರಿದಾದ ರೂಪದಲ್ಲಿಯಾದರೂ, ತಲೆಮಾರುಗಳ ಕಾಲ ಬಾಳಿಕೊಂಡು ಬಂದಿದೆಯೆಂದರೆ ಕೇಳಿದವರು ಮೊದಲು ನಂಬಲಾರರು. ಆದರೆ ಈ ನಗರಕ್ಕೂ ದೋಣಿಗೂ ಇದ್ದ ನಂಟು ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿ ಇಲ್ತಮಿಶ್ ಸುಲ್ತಾನನು ಮೆಹ್ರೌಲಿಯಲ್ಲಿ ಕಟ್ಟಿಸಿದ ಹೌಜ್-ಎ-ಶಂಸಿಯನ್ನು ಕಂಡ ಯಾತ್ರಿಕ ಇಬ್ನ್ ಬತೂತಾ, ಕೆರೆ ತುಂಬಿದಾಗ ಅದರ ನಡುವಣ ಮಂಟಪಕ್ಕೆ ದೋಣಿಯಲ್ಲಿಯೇ ಹೋಗಬೇಕಾಗುತ್ತಿತ್ತೆಂದು ಬರೆದಿಟ್ಟಿದ್ದಾನೆ. 1874ರಲ್ಲಿ ಓಖ್ಲಾದ ಅಣೆಕಟ್ಟಿನಿಂದ ಹೊರಟ ಆಗ್ರಾ ಕಾಲುವೆಯಲ್ಲಿ ಆರಂಭದ ದಶಕಗಳಲ್ಲಿ ಸರಕಿನ ನಾವೆಗಳೇ ಸಂಚರಿಸುತ್ತಿದ್ದುವು. 1904ರಲ್ಲಿ ಆ ಸಂಚಾರವು ನಿಂತು, ಕಾಲುವೆಯು ಕೇವಲ ನೀರಾವರಿಗೆ ಮೀಸಲಾಯಿತು.

ದೊಡ್ಡ ದೋಣಿಗಳು ಮರೆಯಾದ ಮೇಲೆಯೂ ಮಕ್ಕಳ ದೋಣಿಗಳು ಉಳಿದುವು. ಸದರ್ ಬಜಾರಿನ ಆಟಿಕೆಯ ಅಂಗಡಿಗಳಲ್ಲಿಯೂ ನಮ್ಮ ಕಡೆಯ ಜಾತ್ರೆಗಳಲ್ಲಿಯೂ ಸಮಾನವಾಗಿ ಕಾಣುವ ಆ ತಗಡಿನ ಪಟಪಟ ದೋಣಿಯನ್ನು ಅರಿಯದವರಾರು? ಒಳಗೊಂದು ಅಂಗೈಗಿಂತಲೂ ಚಿಕ್ಕ ತಗಡಿನ ಪಾತ್ರೆ, ಅದರಿಂದ ಹಿಂದಕ್ಕೆ ಚಾಚಿದ ಎರಡು ಸಣ್ಣ ನಳಿಗೆಗಳು, ಕೆಳಗೊಂದು ಎಣ್ಣೆಯ ಬತ್ತಿ. ನೀರು ಕಾದು ಆವಿಯಾಗಿ ನಳಿಗೆಯ ನೀರನ್ನು ಹೊರದಬ್ಬಿ, ಮತ್ತೆ ತಣಿದು ಒಳಸೆಳೆದುಕೊಳ್ಳುವ ಕ್ರಿಯೆಯು ಎಡೆಬಿಡದೆ ನಡೆಯುವುದರಿಂದ ದೋಣಿಯು ಸದ್ದುಮಾಡುತ್ತ ಮುಂದೆ ಸಾಗುವುದು. ಥಾಮಸ್ ಪಿಯೊ ಎಂಬವನು 1891ರಲ್ಲಿ ಇಂಗ್ಲೆಂಡಿನಲ್ಲಿ ಇದಕ್ಕೆ ಸ್ವಾಮ್ಯಪತ್ರ ಪಡೆದನು. ಯಂತ್ರಬಲದಿಂದ ಚಲಿಸುವ ನೌಕೆಯ ಮೊದಲ ಪಾಠವನ್ನು ನಮ್ಮ ದೇಶದ ಅಸಂಖ್ಯ ಬಾಲಕರು ಕಲಿತದ್ದು ಯಾವ ಶಾಲೆಯಲ್ಲಿಯೂ ಅಲ್ಲ, ಈ ತಗಡಿನ ತುಂಡಿನ ಬಳಿ ಬೋಗುಣಿಯ ಮುಂದೆ ಕುಳಿತು.

ದೂರದಿಂದ ನಿಯಂತ್ರಿಸುವ ವಿದ್ಯುತ್ ನೌಕೆಯಾದರೋ ಅದಕ್ಕಿಂತ ಹೆಚ್ಚು ಕಿರಿಯದೇನಲ್ಲ. 1838ರಲ್ಲಿಯೇ ಯಾಕೋಬಿ ಎಂಬ ವಿಜ್ಞಾನಿಯು ರಷ್ಯಾದ ನೇವಾ ನದಿಯಲ್ಲಿ ವಿದ್ಯುತ್ತಿನಿಂದ ದೋಣಿಯನ್ನು ನಡೆಸಿದ್ದನು. 1895ರ ಸುಮಾರಿನಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಪುರಭವನದಲ್ಲಿ ಗೋಡೆಗಳಾಚೆಯ ಗಂಟೆಯನ್ನು ತಂತಿಯಿಲ್ಲದೆ ಬಾರಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ, ಕೊಳದಲ್ಲಿ ತೇಲುತ್ತಿದ್ದ ಸಣ್ಣ ಕಬ್ಬಿಣದ ನೌಕೆಯನ್ನು ರೇಡಿಯೋ ತರಂಗಗಳಿಂದ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದನು. ರೇಡಿಯೋ ನಿಯಂತ್ರಣವು ಲೋಕಕ್ಕೆ ಮೊದಲು ಕಾಣಿಸಿಕೊಂಡುದು ವಿಮಾನದಲ್ಲಿಯೂ ಅಲ್ಲ, ರಥದಲ್ಲಿಯೂ ಅಲ್ಲ, ಬ್ಯಾಟರಿಯಿಂದ ನಡೆಯುವ ಮಾದರಿ ದೋಣಿಯಲ್ಲಿ ಎಂಬುದನ್ನು ಈ ಹವ್ಯಾಸದವರು ಹೆಮ್ಮೆಯಿಂದ ನೆನೆಯಬೇಕು. ಆದರೆ ಆ ನೌಕೆಗೆ ವೇಗವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಸೀಸದ ಬ್ಯಾಟರಿಯ ಭಾರವು ದೋಣಿಯನ್ನು ನೀರಿನೊಳಕ್ಕೆ ಅದುಮುತ್ತಿತ್ತು, ವೇಗಕ್ಕೆ ಬೇಕಾದುದೋ ನೀರಿನಿಂದ ಮೇಲೇಳುವ ಹಗುರತನ.

ಸ್ವಾತಂತ್ರ್ಯಾನಂತರದ ದಿಲ್ಲಿಯಲ್ಲಿ ಇನ್ನೊಂದು ತೊಡಕೂ ಇತ್ತು. 1885ರ ಟೆಲಿಗ್ರಾಫ್ ಕಾಯಿದೆ ಹಾಗೂ 1933ರ ವೈರ್‌ಲೆಸ್ ಕಾಯಿದೆಗಳ ಪ್ರಕಾರ ಪರವಾನಗಿಯಿಲ್ಲದೆ ಆಕಾಶಕ್ಕೆ ತರಂಗವೊಂದನ್ನು ಬಿಡುವುದು ಅಪರಾಧವಾಗಿತ್ತು. ಆ ಪರವಾನಗಿಯನ್ನು ಕೊಡುವ ಕೇಂದ್ರ ಕಚೇರಿ ಇದೇ ದಿಲ್ಲಿಯಲ್ಲಿ ಇತ್ತು. ಹೀಗಾಗಿ ಆ ಕಾಲದ ಹುಡುಗರ ಯಂತ್ರನೌಕೆಗಳು ಬಹುತೇಕ ಸ್ವಚ್ಛಂದ ಸಂಚಾರಿಗಳು: ಚುಕ್ಕಾಣಿಯನ್ನು ಒಮ್ಮೆ ಹೊಂದಿಸಿ ನೀರಿಗೆ ಬಿಟ್ಟರೆ, ಎದುರು ದಡವನ್ನು ಮುಟ್ಟುವವರೆಗೆ ಕಟ್ಟಿದವನ ಮಾತನ್ನು ಅವು ಕೇಳುತ್ತಿರಲಿಲ್ಲ.

ಈ ವಿದ್ಯೆಗೆ ಒಂದು ಶಿಸ್ತನ್ನೂ ಗೌರವವನ್ನೂ ತಂದುಕೊಟ್ಟುದು ಎನ್.ಸಿ.ಸಿ. ಪಂಡಿತ ಹೃದಯನಾಥ ಕುಂಜ್ರು ಅವರ ಸಮಿತಿಯ ಶಿಫಾರಸಿನಿಂದ 1948ರಲ್ಲಿ ಹುಟ್ಟಿದ ಈ ಸಂಸ್ಥೆಗೆ 1952ರಲ್ಲಿ ನೌಕಾ ವಿಭಾಗವು ಸೇರಿತು. ಕಡಲನ್ನೇ ಕಾಣದ ದಿಲ್ಲಿಗೂ ಒಂದು ನೌಕಾ ಘಟಕ ದೊರೆಯಿತು. ಸ್ಥಿರ ಮಾದರಿ, ಹಾಯಿ ಮಾದರಿ, ಯಂತ್ರಚಾಲಿತ ಮಾದರಿಯೆಂದು ನೌಕಾ ಮಾದರಿಗಳನ್ನು ಕಟ್ಟುವುದು ಈ ವಿಭಾಗದ ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲೊಂದಾಗಿ ನೆಲೆನಿಂತಿತು. ಪ್ರತಿ ವರ್ಷ ಜನವರಿಯ ಕೊರೆಯುವ ಚಳಿಯಲ್ಲಿ ದಿಲ್ಲಿ ದಂಡುಪ್ರದೇಶದಲ್ಲಿ ಗಣರಾಜ್ಯೋತ್ಸವ ಶಿಬಿರವು ನೆರೆಯುವಾಗ ಕರ್ನಾಟಕ ಮತ್ತು ಗೋವಾ ನಿರ್ದೇಶನಾಲಯದ ಹುಡುಗ ಹುಡುಗಿಯರೂ ಬಂದಿಳಿಯುತ್ತಾರೆ. ಅವರು ಹೆಜ್ಜೆಹಾಕುವ ಮೈದಾನಕ್ಕೆ ನಮ್ಮ ಕೊಡಗಿನ ಕಾರ್ಯಪ್ಪನವರ ಹೆಸರಿದೆಯೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ನೌಸೈನಿಕ ಶಿಬಿರಗಳು ಕಾರವಾರದ ನೌಕಾನೆಲೆಯಲ್ಲಿಯೂ ನಡೆದಿವೆ. ದಿಲ್ಲಿಯ ವಿದ್ಯಾರ್ಥಿಗೆ ತಾನು ಪ್ಲೈವುಡ್ಡಿನಲ್ಲಿ ಕೆತ್ತಿದ ಹಡಗಿನ ನಿಜರೂಪವು ಅಲೆಯ ಮೇಲೆ ನಿಂತಿರುವುದನ್ನು ಕಾಣುವ ಭಾಗ್ಯ ಅಲ್ಲಿ ದೊರೆಯುವುದು. ಪುಸ್ತಕದ ಹತ್ತು ಪಾಠಗಳಿಗಿಂತ ಅದು ಮೇಲು.

ವೇಗದ ಯುಗವು ಬಂದುದು ಪೇಟೆಯ ಮೂಲಕ. ಕೆಂಪುಕೋಟೆಯೆದುರಿಗೆ ದೇಶವಿಭಜನೆಯ ನಿರಾಶ್ರಿತರು ಕಟ್ಟಿಕೊಂಡ ಲಾಜಪತ್ ರಾಯ್ ಮಾರುಕಟ್ಟೆ ಬರಬರುತ್ತ ಎಲೆಕ್ಟ್ರಾನಿಕ್ ಸಾಮಾನುಗಳ ತವರಾಯಿತು. ಅದರ ನೆರೆಯ ಭಾಗೀರಥ ಪ್ಯಾಲೆಸ್ಸಿನಲ್ಲಿ ತಂತಿ, ಮೋಟಾರು. ಕೀರ್ತಿನಗರದಲ್ಲಿ ಮರದ ಹಲಗೆ. 27 ಮೆಗಾಹರ್ಟ್ಸಿನ ಹಳೆಯ ನಿಯಂತ್ರಕಗಳ ಕಾಲದಲ್ಲಿ ಒಂದೇ ಕೊಳದಲ್ಲಿ ಇಬ್ಬರು, ತರಂಗವನ್ನು ಗೊತ್ತುಪಡಿಸುವ ಸ್ಫಟಿಕವನ್ನು ಒಂದೇ ಬಗೆಯದಾಗಿ ಬಳಸಿದರೆ ಒಬ್ಬನ ಕೈಯ ಚಲನೆಗೆ ಇನ್ನೊಬ್ಬನ ದೋಣಿ ತಿರುಗುತ್ತಿತ್ತು. 2005ರಲ್ಲಿ ಕೇಂದ್ರ ಸರಕಾರವು 2.4 ಗಿಗಾಹರ್ಟ್ಸಿನ ತರಂಗಪಟ್ಟಿಯನ್ನು ಪರವಾನಗಿಯ ಕಟ್ಟಳೆಯಿಂದ ಬಿಡಿಸಿದ ಮೇಲೆ, ತನ್ನ ಯಜಮಾನನ ಸಂಕೇತವನ್ನಲ್ಲದೆ ಅನ್ಯರದನ್ನು ಒಪ್ಪದ ನಿಯಂತ್ರಕಗಳು ಬಳಕೆಗೆ ಬಂದುವು. 1991ರಲ್ಲಿ ಸೋನಿ ಸಂಸ್ಥೆಯು ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನು ಕೋಶವು, ಮುಂದೆ ಪಾಲಿಮರ್ ರೂಪದಲ್ಲಿ, ಟೆಸ್ಲಾನ ನೌಕೆಯನ್ನು ಕಾಡಿದ ಭಾರವನ್ನು ಇಳಿಸಿತು. 3.7 ವೋಲ್ಟಿನ ನಾಲ್ಕು ಕೋಶಗಳನ್ನು ಸಾಲಾಗಿ ಜೋಡಿಸಿದರೆ 14.8 ವೋಲ್ಟು, ಪ್ರತಿ ವೋಲ್ಟಿಗೆ 2000 ಸುತ್ತು ತಿರುಗುವ ಬ್ರಷ್‌ರಹಿತ ಮೋಟಾರಿಗೆ ಅದನ್ನು ಕೊಟ್ಟರೆ, ಹೊರೆಯಿಲ್ಲದಾಗ ನಿಮಿಷಕ್ಕೆ 29,600 ಸುತ್ತು. ಹಿಂದಿನವರು ಕನಸಿನಲ್ಲಿಯೂ ಎಣಿಸದಿದ್ದ ವೇಗವಿದು.

ಆದರೆ ಬಲವನ್ನು ಕೊಂಡುಕೊಳ್ಳಬಹುದು, ಹದವನ್ನು ಕೊಂಡುಕೊಳ್ಳಲಾಗದು. ವೇಗದ ದೋಣಿಯ ಗುಟ್ಟೆಲ್ಲ ಅದರ ಹಿಂಬದಿಯ ಗೇಣಗಲದ ಜಾಗದಲ್ಲಿದೆ. ಅದರ ಪಂಖವು ನೀರಿನಲ್ಲಿ ಪೂರ್ತಿ ಮುಳುಗಿರುವುದಿಲ್ಲ. ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ಸುತ್ತುತ್ತ ಘರ್ಷಣೆಯನ್ನು ತಗ್ಗಿಸುವುದು. ಆ ಲೋಹದ ಪಂಖದ ಅಂಚನ್ನು ಅರದಿಂದ ಉಜ್ಜಿ ಹರಿತಗೊಳಿಸಿ, ತೆಳುವಾದ ಸರಳಿನ ಮೇಲೆ ನಿಲ್ಲಿಸಿ, ಯಾವ ಎಸಳು ಕೆಳಗಿಳಿಯುವುದೋ ಅದರ ಬೆನ್ನನ್ನು ಎಳ್ಳಷ್ಟೆಳ್ಳಷ್ಟೇ ಸವೆಸಿ ಸಮತೂಕಕ್ಕೆ ತರುವ ಕೆಲಸವು ನುರಿತ ಅಕ್ಕಸಾಲಿಗನ ತಾಳ್ಮೆಯನ್ನು ಬೇಡುವುದು. ತೂಕದ ಕೇಂದ್ರವನ್ನು ಹಿಂಬದಿಯಿಂದ ಒಡಲಿನ ಉದ್ದದ ಶೇಕಡಾ 30ರ ಆಸುಪಾಸಿನಲ್ಲಿ ನಿಲ್ಲಿಸಬೇಕು; ಅದಕ್ಕಿಂತ ಹಿಂದಕ್ಕೆ ಸರಿದರೆ ಮೂತಿ ಎದ್ದು ದೋಣಿ ಮಗುಚುವುದು, ಮುಂದಕ್ಕೆ ಸರಿದರೆ ನೀರಿಗಂಟಿ ಎಳೆದಾಡುವುದು. ಚುಕ್ಕಾಣಿಯ ಬಳಿಯ ಸಣ್ಣ ರಂಧ್ರದಿಂದ ನುಗ್ಗುವ ನೀರೇ ಕೊಳವೆಯಲ್ಲಿ ಹರಿದು ವೇಗನಿಯಂತ್ರಕವನ್ನೂ ಮೋಟಾರನ್ನೂ ತಣಿಸಿ ಪಕ್ಕದಿಂದ ಹೊರಚಿಮ್ಮುವುದು. ಆ ಧಾರೆ ನಿಂತಿತೆಂದರೆ ದೋಣಿಯನ್ನು ಕೂಡಲೇ ದಡಕ್ಕೆ ಕರೆದುಕೊಳ್ಳಬೇಕೆಂಬುದನ್ನು ಬಲ್ಲವರು ಮೊದಲ ದಿನವೇ ಹೇಳಿಕೊಡುತ್ತಾರೆ. ಇಷ್ಟೆಲ್ಲ ಹೊಂದಿದರೆ ಇಂಥ ವಿದ್ಯುತ್ ಕಿರುನೌಕೆಗಳು ಗಂಟೆಗೆ 100 ಮೈಲಿಯನ್ನೂ ಮೀರಿ ಓಡಿವೆ.

ಬ್ಯಾಟರಿಯ ಭಾರ ಇಳಿಯಿತು, ಆಕಾಶದ ಕಟ್ಟಳೆ ಸಡಿಲವಾಯಿತು. ದುಃಖದ ಸಂಗತಿಯೆಂದರೆ, ಇವೆರಡೂ ಕೈಗೂಡುವ ವೇಳೆಗೆ ದಿಲ್ಲಿಯ ನೀರು ಕೈಬಿಟ್ಟಿತು. ಒಂದು ಕಾಲಕ್ಕೆ ದಿಲ್ಲಿಯವರೆಲ್ಲ ವಿಹಾರಕ್ಕೆ ಹೋಗುತ್ತಿದ್ದ ಫರೀದಾಬಾದಿನ ಬಡಖಲ್ ಕೆರೆಯು ಅರಾವಳಿಯ ಗಣಿಗಾರಿಕೆಯಿಂದಲೂ ಅಂತರ್ಜಲದ ಸೂರೆಯಿಂದಲೂ ಒಣಗಿ ಬಯಲಾಯಿತು. ಕುದುರೆಲಾಳದಾಕಾರದ ಭಲಸ್ವಾ ಕೆರೆಯು ಕಸದ ಬೆಟ್ಟದ ನೆರಳಿನಲ್ಲಿ ಮಲಿನಗೊಂಡಿತು. ಯಮುನೆಯ ನೊರೆಯನ್ನು ವರ್ಣಿಸುವ ಅಗತ್ಯವೇ ಇಲ್ಲ. ಗುರುಗ್ರಾಮದಾಚೆಯ ದಮ್‌ದಮಾ ಸರೋವರವು ದೂರದ್ದು. ಶಾಲೆ ಮುಗಿಸಿ ಸಂಜೆಗೆ ದೋಣಿಯನ್ನೆತ್ತಿಕೊಂಡು ಹೋಗುವ ಬಾಲಕನಿಗೆ ಅದು ಎಟುಕದು. ವೇಗದ ದೋಣಿಗೆ ಬೇಕಾದುದು ಸಾಗರವಲ್ಲ. ಕಸಕಡ್ಡಿಯಿಲ್ಲದ, ಈಜುವವರಿಲ್ಲದ, ದಡದಿಂದ ದಡಕ್ಕೆ ನೂರಿನ್ನೂರು ಮೀಟರಿನ ನಿರ್ಮಲವಾದ ಒಂದು ಕೊಳ.

ದಿಲ್ಲಿಯ ಕೆರೆಗಳನ್ನು ಉದ್ಧರಿಸುವ ಅಧಿಕಾರಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಹೂಳೆತ್ತಿ ಶುದ್ಧಗೊಳಿಸಿದ ಕೆರೆಗಳಲ್ಲೊಂದರ ಒಂದು ಮೂಲೆಯನ್ನು, ವಾರಕ್ಕೊಂದು ಮುಂಜಾನೆಯಾದರೂ, ಈ ಹುಡುಗರ ಕಿರುನೌಕೆಗಳಿಗೆ ಬಿಟ್ಟುಕೊಡಿ. ದಿಲ್ಲಿಯಲ್ಲಿ ನೆಲಸಿರುವ ಕನ್ನಡಿಗ ತಾಯ್ತಂದೆಗಳೂ, ಮಗನೋ ಮಗಳೋ ಅರ ಹಿಡಿದು ಪಂಖವನ್ನು ಉಜ್ಜುತ್ತ ಕುಳಿತಾಗ, ಪಾಠ ಕೆಟ್ಟಿತೆಂದು ಗದರದೆ ಆ ಕೆಲಸವನ್ನು ಮುಗಿಸಗೊಡಲಿ.