ಮುತ್ತಿನ ಹಾರ (ಚಲನಚಿತ್ರ)

'ಮುತ್ತಿನ ಹಾರ' ಎಸ್. ವಿ. ರಾಜೇಂದ್ರಸಿಂಗ್ ಬಾಬು ಅವರ ನಿರ್ದೇಶನದಲ್ಲಿ 1990ರಲ್ಲಿ ತೆರೆಕಂಡ ಕನ್ನಡ ಚಲನಚಿತ್ರ. ಸೇನೆಯ ಬದುಕನ್ನು ಕಥೆಯ ಕೇಂದ್ರದಲ್ಲಿಟ್ಟ ಕನ್ನಡ ಚಿತ್ರಗಳು ವಿರಳ. ಅವುಗಳಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಕೊಡಗಿನ ಯೋಧ ಅಚ್ಚಪ್ಪನಾಗಿ ವಿಷ್ಣುವರ್ಧನ್, ಅನ್ನಪೂರ್ಣೆಯಾಗಿ ಸುಹಾಸಿನಿ ನಟಿಸಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಗೊಂಡ ಅಚ್ಚಪ್ಪನಿಗೆ ದಾದಿಯಾಗಿ ಶುಶ್ರೂಷೆ ಮಾಡಿದ ಅನ್ನಪೂರ್ಣೆ ಮುಂದೆ ಅವನ ಪತ್ನಿಯಾಗುತ್ತಾಳೆ. ಯುದ್ಧ ಕೂಡಿಸಿದ ಈ ದಾಂಪತ್ಯವನ್ನು ಯುದ್ಧವೇ ಮತ್ತೆ ಮತ್ತೆ ಅಗಲಿಸುತ್ತದೆ. ರಣರಂಗದ ಪರಾಕ್ರಮಕ್ಕಿಂತ, ಅದಕ್ಕಾಗಿ ಸೈನಿಕನ ಕುಟುಂಬ ತೆರುವ ಬೆಲೆಯೇ ಚಿತ್ರದ ಮುಖ್ಯ ವಸ್ತು.

ನಾಯಕನು ಕೊಡಗಿನವನಾಗಿರುವುದು ಆಕಸ್ಮಿಕವೆನಿಸದು: 1949ರಲ್ಲಿ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೆ. ಎಸ್. ತಿಮ್ಮಯ್ಯ ಇಬ್ಬರೂ ಆ ನಾಡಿನವರು.

ಸಂಗೀತ ಹಂಸಲೇಖ ಅವರದು. ಕರ್ನಾಟಕ ಸಂಗೀತದ ವಿದ್ವಾಂಸ ಎಂ. ಬಾಲಮುರಳೀಕೃಷ್ಣ ಇದರಲ್ಲಿ ಹಾಡಿದ್ದಾರೆ. 38ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಇದು ಅತ್ಯುತ್ತಮ ಕನ್ನಡ ಚಿತ್ರವೆಂದು ಆಯ್ಕೆಯಾಯಿತು.