ಹೊಸ ಕಾರಿನ ರಕ್ಷಣಾ ಲೇಪನಗಳು: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಖರೀದಿದಾರರಿಗೆ ಮಾಹಿತಿ

ಹೊಸ ಮೋಟಾರು ಕಾರನ್ನು ಖರೀದಿಸುವ ನಾಗರಿಕರಿಗೆ ಮಾರಾಟ ಮಳಿಗೆಯವರು ನೀಡುವ ಅಂದಾಜು ಪಟ್ಟಿಯಲ್ಲಿ ಕಾರಿನ ಬೆಲೆ, ಜೀವಾವಧಿ ತೆರಿಗೆ, ನೋಂದಣಿ ಶುಲ್ಕ ಮತ್ತು ವಿಮಾ ಕಂತಿನ ಜೊತೆಗೆ ಟೆಫ್ಲಾನ್ ಕೋಟಿಂಗ್, ಸೆರಾಮಿಕ್ ಕೋಟಿಂಗ್, ಅಂಡರ್‌ಬಾಡಿ ಕೋಟಿಂಗ್, ಪಿ.ಪಿ.ಎಫ್. ಮುಂತಾದ ಬಾಬುಗಳೂ ಸೇರಿರುವುದುಂಟು. ತೆರಿಗೆ, ನೋಂದಣಿ ಮತ್ತು ಮೂರನೇ ವ್ಯಕ್ತಿಯ ವಿಮೆಯನ್ನು ಕಾನೂನು ಕಡ್ಡಾಯಗೊಳಿಸಿದೆ. ಲೇಪನಗಳನ್ನು ಯಾವ ಕಾನೂನೂ ಕಡ್ಡಾಯಗೊಳಿಸಿಲ್ಲ. ಆದರೂ ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಒಂದೇ ಒಟ್ಟು ಮೊತ್ತದಡಿ ಬರೆದಿರುವುದರಿಂದ ಲೇಪನದ ಹಣವೂ ಸರ್ಕಾರಕ್ಕೆ ಸಲ್ಲಬೇಕಾದ ಹಣವೆಂದು ಭಾವಿಸುವ ಸಂಭವವಿರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳ ಖರೀದಿದಾರರು ಈ ಬಾಬುಗಳಿಗೆ ಹಣ ನೀಡುವ ಮುನ್ನ ಪರಿಶೀಲಿಸಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ನೋಂದಣಿಗೂ ಲೇಪನಕ್ಕೂ ಸಂಬಂಧವಿಲ್ಲ

ಹೊಸ ಕಾರಿನ ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ, ನಮೂನೆ 21ರಲ್ಲಿ ಮಾರಾಟ ಪ್ರಮಾಣಪತ್ರ, ನಮೂನೆ 22ರಲ್ಲಿ ತಯಾರಕರ ರಸ್ತೆಯೋಗ್ಯತಾ ಪ್ರಮಾಣಪತ್ರ, ವಿಮಾ ಪತ್ರ ಹಾಗೂ ವಿಳಾಸದ ದಾಖಲೆಗಳು ಬೇಕಾಗುತ್ತವೆ. ಈ ಪೈಕಿ ಯಾವುದರಲ್ಲಿಯೂ ಲೇಪನದ ಪ್ರಸ್ತಾಪವಿಲ್ಲ. ದೇವನಹಳ್ಳಿ (ಕೆಎ-43) ಅಥವಾ ನೆಲಮಂಗಲ (ಕೆಎ-52) ಕಚೇರಿಯ ವ್ಯಾಪ್ತಿಯಲ್ಲಿ ನೋಂದಣಿಯಾಗುವ ಕಾರಿಗೆ ಲೇಪನ ಮಾಡಿಸದಿದ್ದರೆ ಸಂಖ್ಯೆ ಬರುವುದು ತಡವಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕವನ್ನು ತಯಾರಕರೇ ಮಾರಾಟಗಾರರ ಮೂಲಕ ಒದಗಿಸಬೇಕು. ಇದು ಕಡ್ಡಾಯ ಬಾಬು. ಇದನ್ನು ಲೇಪನದ "ಪ್ಯಾಕೇಜ್" ಜೊತೆ ಸೇರಿಸಿ ತೋರಿಸಿದ್ದಲ್ಲಿ ಬೇರ್ಪಡಿಸಿ ಬರೆದುಕೊಡಲು ಕೇಳತಕ್ಕದ್ದು.

ಕಾರ್ಖಾನೆಯಲ್ಲಿಯೇ ಇರುವ ರಕ್ಷಣೆ

ಲೇಪನ ಬೇಕೇ ಎಂಬುದನ್ನು ನಿರ್ಧರಿಸುವ ಮೊದಲು ಕಾರಿನ ಮೇಲೆ ಈಗಾಗಲೇ ಏನಿದೆ ಎಂಬುದನ್ನು ತಿಳಿದಿರಬೇಕು. ಕಾರ್ಖಾನೆಯಲ್ಲಿ ಉಕ್ಕಿನ ಕವಚವನ್ನು ಫಾಸ್ಫೇಟ್ ದ್ರಾವಣದಲ್ಲಿ ಸಂಸ್ಕರಿಸಿ, ಬಳಿಕ ವಿದ್ಯುತ್ ಪ್ರವಾಹದ ನೆರವಿನಿಂದ ಪ್ರೈಮರ್ ಕೂರುವ ತೊಟ್ಟಿಯಲ್ಲಿ ಇಡಿಯಾಗಿ ಮುಳುಗಿಸಲಾಗುತ್ತದೆ. ಕೈ ತಲುಪದ ಸಂದುಗಳಿಗೂ ಈ ಪದರವು ತಲುಪುತ್ತದೆ. ತುಕ್ಕಿನ ವಿರುದ್ಧ ನಿಜವಾದ ರಕ್ಷಣೆ ನೀಡುವುದು ಇದೇ. ಇದರ ಮೇಲೆ ನಡುಪದರ, ಬಣ್ಣ ಮತ್ತು ಕೊನೆಗೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಬರುತ್ತವೆ. ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ಈ ದಪ್ಪದಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್. ಅನೇಕ ಮಾದರಿಗಳಲ್ಲಿ ತಳಭಾಗದ ಬೆಸುಗೆ ಸಾಲುಗಳಿಗೂ ಚಕ್ರದ ಮೇಲ್ಭಾಗಕ್ಕೂ ಕಾರ್ಖಾನೆಯವರೇ ಪಿ.ವಿ.ಸಿ. ಲೇಪನ ಹಾಕಿರುತ್ತಾರೆ. ತುಕ್ಕಿಗೆ ಸಂಬಂಧಿಸಿದ ತಯಾರಕರ ವಾರಂಟಿಯ ಷರತ್ತುಗಳನ್ನು ಮಾಲೀಕರ ಕೈಪಿಡಿಯಲ್ಲಿ ಓದಿಕೊಂಡ ನಂತರವೇ ಹೆಚ್ಚುವರಿ ಲೇಪನದ ಮಾತುಕತೆಗೆ ಕೂರುವುದು ಸೂಕ್ತ.

ಲೇಪನಗಳ ಬಗೆಗಳು

ಟೆಫ್ಲಾನ್ ಎಂಬುದು 1938ರಲ್ಲಿ ಅಮೆರಿಕೆಯ ಡ್ಯುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಕಂಡುಹಿಡಿದ ವಸ್ತುವಿನ ವ್ಯಾಪಾರನಾಮ. ಬಾಣಲೆಗೆ ಇದನ್ನು ಅಂಟಿಸಲು 300 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕು. ಬಣ್ಣ ಬಳಿದ ಕಾರನ್ನು ಆ ಶಾಖಕ್ಕೆ ಒಡ್ಡುವಂತಿಲ್ಲ. ಆದುದರಿಂದ "ಟೆಫ್ಲಾನ್ ಕೋಟಿಂಗ್" ಎಂಬ ಹೆಸರಿನಲ್ಲಿ ಮಳಿಗೆಗಳಲ್ಲಿ ಉಜ್ಜುವುದು ವಾಸ್ತವವಾಗಿ ಒಂದು ಬಗೆಯ ಪಾಲಿಷ್. ಹೊಳಪು ಬರುತ್ತದೆ, ಕೆಲವು ತಿಂಗಳ ಕಾಲ ನೀರು ಜಾರುತ್ತದೆ. ಅಂಗಡಿಯಲ್ಲಿ ದೊರೆಯುವ ಒಂದು ಡಬ್ಬಿ ಒಳ್ಳೆಯ ವ್ಯಾಕ್ಸ್‌ನಿಂದ ಮನೆಯಲ್ಲಿಯೇ ಬಹುತೇಕ ಇದೇ ಫಲ ಪಡೆಯಬಹುದು.

ಸೆರಾಮಿಕ್ ಕೋಟಿಂಗ್ ಸಿಲಿಕಾ ಆಧಾರಿತ ದ್ರವ. ಕ್ಲಿಯರ್ ಕೋಟಿಗೆ ಅಂಟಿ ಗಟ್ಟಿಯಾಗುವ ಇದು ವ್ಯಾಕ್ಸ್‌ಗಿಂತ ಹೆಚ್ಚು ಕಾಲ ಉಳಿಯುತ್ತದೆ. ಧೂಳು ಸುಲಭವಾಗಿ ತೊಳೆದುಹೋಗುತ್ತದೆ, ಹಕ್ಕಿಯ ಹಿಕ್ಕೆಯ ಆಮ್ಲವು ಬಣ್ಣಕ್ಕೆ ಇಳಿಯುವುದು ನಿಧಾನವಾಗುತ್ತದೆ. ಆದರೆ ಇದರ ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ಕಲ್ಲಿನ ಪೆಟ್ಟು, ಬೈಕಿನ ಹ್ಯಾಂಡಲ್ ಉಜ್ಜಿದ ಗೀರು, ಜಾಲಿ ಮುಳ್ಳಿನ ಗೆರೆ, ಇವುಗಳನ್ನು ಇಷ್ಟು ತೆಳುವಾದ ಪದರವು ತಡೆಯಲಾರದು. "9ಎಚ್ ಗಡಸುತನ" ಎಂಬ ಜಾಹೀರಾತಿನ ಅಂಕಿ ಪೆನ್ಸಿಲ್ ಮೊನೆಯಿಂದ ಗೀಚಿ ನೋಡುವ ಪರೀಕ್ಷೆಯದು. ಅದು ವಜ್ರ, ಕುರುಂದಗಳ ಗಡಸುತನವನ್ನು ಹೇಳುವ ಅಳತೆಯಲ್ಲ.

ಕಲ್ಲಿನ ಪೆಟ್ಟಿನಿಂದ ರಕ್ಷಣೆ ಬೇಕೆಂದರೆ ಇರುವ ಮಾರ್ಗ ಪಾಲಿಯುರೆಥೇನ್‌ನ ಪಾರದರ್ಶಕ ಹಾಳೆ, ಅಂದರೆ ಪಿ.ಪಿ.ಎಫ್. ಇದರ ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್, ಕಾರ್ಖಾನೆಯ ಬಣ್ಣದ ಎಲ್ಲ ಪದರಗಳಿಗಿಂತಲೂ ಹೆಚ್ಚು. ಉತ್ತಮ ದರ್ಜೆಯ ಹಾಳೆಯ ಮೇಲಿನ ಸಣ್ಣ ಗೀರುಗಳು ಬಿಸಿಲಿಗೆ ತಾವಾಗಿಯೇ ಮಾಸುತ್ತವೆ. ಇಡೀ ಕಾರಿಗೆ ಹಾಕಿಸಲು ಲಕ್ಷ ರೂಪಾಯಿಗೂ ಮೀರಿದ ವೆಚ್ಚವಾಗಬಹುದು. ಬಾನೆಟ್ಟಿನ ಮುಂಭಾಗ, ಮುಂದಿನ ಬಂಪರ್, ಕನ್ನಡಿಗಳ ಹಿಂಬದಿ ಮತ್ತು ಬಾಗಿಲ ಹಿಡಿಕೆಯ ಗುಳಿ, ಇಷ್ಟಕ್ಕೇ ಸೀಮಿತಗೊಳಿಸಿದರೆ ವೆಚ್ಚವು ಬಹಳಷ್ಟು ಇಳಿಯುತ್ತದೆ. ಪೆಟ್ಟು ಬೀಳುವ ಭಾಗಗಳೂ ಬಹುತೇಕ ಇವೇ.

ತಳಭಾಗಕ್ಕೆ ಸಿಂಪಡಿಸುವ ಡಾಂಬರು ಅಥವಾ ರಬ್ಬರ್ ಆಧಾರಿತ ಲೇಪನವು ಕಲ್ಲು ಸಿಡಿಯುವ ಸದ್ದನ್ನು ತಗ್ಗಿಸುತ್ತದೆ. ಆದರೆ ಕೆಸರು ಅಥವಾ ತೇವ ಉಳಿದಿರುವಾಗಲೇ ಇದನ್ನು ಹಾಕಿದಲ್ಲಿ ತೇವವು ಒಳಗೇ ಸಿಕ್ಕಿಕೊಂಡು ತುಕ್ಕು ತಡೆಯುವ ಬದಲು ತುಕ್ಕಿಗೇ ದಾರಿಯಾಗುತ್ತದೆ. ಬಾಗಿಲುಗಳ ಕೆಳಗಿನ ನೀರು ಹರಿಯುವ ರಂಧ್ರಗಳು ಮುಚ್ಚಿಹೋಗದಂತೆಯೂ, ಸೈಲೆನ್ಸರ್ ಮತ್ತು ಬ್ರೇಕ್ ಭಾಗಗಳ ಮೇಲೆ ಬೀಳದಂತೆಯೂ ನೋಡಿಕೊಳ್ಳತಕ್ಕದ್ದು.

ಜಿಲ್ಲೆಯ ಪರಿಸ್ಥಿತಿ

ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಕಡಲಿನ ಉಪ್ಪು ಗಾಳಿಯೂ ತಿಂಗಳುಗಟ್ಟಲೆ ಸುರಿಯುವ ಮಳೆಯೂ ಸೇರಿ ಕಾರಿನ ತಳವನ್ನು ತಿನ್ನುತ್ತವೆ. ಅಲ್ಲಿ ತಳಭಾಗದ ಲೇಪನಕ್ಕೆ ಅರ್ಥವಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಎರಡೂ ಕಡಲುಗಳಿಂದ ದೂರದಲ್ಲಿದೆ. ಇಲ್ಲಿ ಮಳೆಯೂ ಕರಾವಳಿಯ ಒಂದು ಪಾಲು ಮಾತ್ರ. ಹಿಮ ಬೀಳುವ ದೇಶಗಳಂತೆ ರಸ್ತೆಗೆ ಉಪ್ಪು ಚೆಲ್ಲುವ ಪದ್ಧತಿಯೂ ಇಲ್ಲ. ಆದುದರಿಂದ ಪ್ರತಿ ತಿಂಗಳು ಕರಾವಳಿಗೆ ಪ್ರಯಾಣ ಮಾಡುವವರನ್ನು ಬಿಟ್ಟರೆ ಉಳಿದವರಿಗೆ ತುಕ್ಕಿನ ಭಯವನ್ನು ಮುಂದಿಟ್ಟು ಮಾರುವ ಲೇಪನದ ಅಗತ್ಯ ಕಡಿಮೆ.

ಒಂದು ಅಪವಾದವುಂಟು. ದ್ರಾಕ್ಷಿ, ತರಕಾರಿ, ರಾಗಿ ಬೆಳೆಯುವ ರೈತ ಕುಟುಂಬಗಳಲ್ಲಿ ಹೊಸ ಕಾರು ಗೊಬ್ಬರದ ಮೂಟೆಯನ್ನೂ ಹೊರುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ಮತ್ತು ತೋಟಕ್ಕೆ ಬಳಸುವ ಮೈಲುತುತ್ತ ಉಕ್ಕಿಗೆ ಉಪ್ಪಿನಷ್ಟೇ ಶತ್ರುಗಳು. ಡಿಕ್ಕಿಯ ನೆಲಹಾಸಿನಡಿ ಸೋರಿದ ಗೊಬ್ಬರವು ತೇವ ಹಿಡಿದು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ಕಾರಿನ ಹೊರಮೈಗೆ ಮಾಡುವ ಯಾವ ಲೇಪನವೂ ಇಲ್ಲಿ ಉಪಯೋಗಕ್ಕೆ ಬಾರದು. ದಪ್ಪನೆಯ ರಬ್ಬರ್ ತಟ್ಟೆಯನ್ನು ಹಾಸಿ, ಸೋರಿದ ದಿನವೇ ತೊಳೆದು ಒಣಗಿಸುವುದೇ ಪರಿಹಾರ.

ಈ ಜಿಲ್ಲೆಯ ಕಾರುಗಳಿಗೆ ಹೆಚ್ಚಿನ ಕಾಟ ಕೊಡುವುದು ಕಲ್ಲು, ಧೂಳು ಮತ್ತು ನೀರು. ಡಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 648 (ಹಿಂದಿನ 207), ನೆಲಮಂಗಲದಿಂದ ತುಮಕೂರಿನತ್ತ ಸಾಗುವ ಹೆದ್ದಾರಿ 48, ಹೊಸಕೋಟೆಯಿಂದ ಕೋಲಾರದತ್ತ ಸಾಗುವ ಹೆದ್ದಾರಿ 75, ಇವುಗಳಲ್ಲಿ ಜಲ್ಲಿ ಮತ್ತು ಎಂ-ಸ್ಯಾಂಡ್ ಹೊತ್ತ ಟಿಪ್ಪರ್‌ಗಳ ಹಿಂದೆ ದಿನವೂ ಸಾಗುವ ಕಾರಿನ ಬಾನೆಟ್ಟಿನ ಮೇಲೆ ಕಲ್ಲಿನ ಚುಕ್ಕೆಗಳು ಬೀಳುವುದು ಸಹಜ. ಅಂಥವರಿಗೆ ಮುಂಭಾಗಕ್ಕೆ ಮಾತ್ರ ಹಾಳೆ ಹಾಕಿಸುವುದು ಯೋಚಿಸತಕ್ಕ ವೆಚ್ಚ.

ನೀರಿನ ವಿಷಯವನ್ನು ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕಾರು ತೊಳೆಯುವುದು ಬಹುತೇಕ ಕೊಳವೆಬಾವಿಯ ನೀರಿನಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರಂತೆ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಅಪೇಕ್ಷಣೀಯ, ಬೇರೆ ಮೂಲವಿಲ್ಲದಾಗ 600ರವರೆಗೆ ಅನುಮತಿಯುಂಟು. ಗಡಸು ನೀರು ಬಿಸಿಲಿನಲ್ಲಿ ಆರಿದಾಗ ಸುಣ್ಣದ ಬಿಳಿ ಕಲೆ ಉಳಿಯುತ್ತದೆ. ಸೆರಾಮಿಕ್ ಲೇಪನದ ಮೇಲೆ ನೀರು ಮಣಿಮಣಿಯಾಗಿ ನಿಲ್ಲುವುದರಿಂದ ಪ್ರತಿ ಮಣಿಯೂ ಒಂದೊಂದು ಉಂಗುರದ ಕಲೆಯಾಗುವ ಸಾಧ್ಯತೆಯಿದೆ. ತೊಳೆದ ಕೂಡಲೇ ಮೃದುವಾದ ಬಟ್ಟೆಯಿಂದ ಒರೆಸದಿದ್ದರೆ ದುಬಾರಿ ಲೇಪನವಿದ್ದೂ ಕಾರು ಮಂಕಾಗಿ ಕಾಣುತ್ತದೆ. ಒರೆಸುವ ಅಭ್ಯಾಸವಿದ್ದಲ್ಲಿ ಲೇಪನವಿಲ್ಲದ ಕಾರೂ ಚೆನ್ನಾಗಿಯೇ ಇರುತ್ತದೆ. ಮಾವಿನ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಹೂ ಬಿಡುವ ಕಾಲದಲ್ಲಿ ಜಿಗಿಹುಳುವಿನ ಅಂಟು ಬೀಳುತ್ತದೆ. ಅದಕ್ಕೆ ಒಂದು ಹೊದಿಕೆ ಅಥವಾ ಶೀಟಿನ ಚಪ್ಪರವೇ ಸಾಕು.

ಹಣದ ಲೆಕ್ಕ

ಲೇಪನದ ಸೇವೆಗೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಅನ್ವಯವಾಗುತ್ತದೆ. ಹೇಳಿದ ದರದಲ್ಲಿ ಇದು ಸೇರಿದೆಯೇ ಎಂದು ಕೇಳಬೇಕು. ಲೇಪನದ ಮೊತ್ತವನ್ನು ವಾಹನ ಸಾಲಕ್ಕೆ ಸೇರಿಸಿದಲ್ಲಿ ಲೆಕ್ಕ ಬದಲಾಗುತ್ತದೆ. ಉದಾಹರಣೆಗೆ, 30,000 ರೂಪಾಯಿಯನ್ನು ಶೇ. 9.5ರ ಬಡ್ಡಿಯಲ್ಲಿ 5 ವರ್ಷಕ್ಕೆ ಸಾಲವಾಗಿ ಪಡೆದರೆ ತಿಂಗಳಿಗೆ ಸುಮಾರು 630 ರೂಪಾಯಿಯಂತೆ ಒಟ್ಟು ಸುಮಾರು 37,800 ರೂಪಾಯಿ ಕಟ್ಟಬೇಕಾಗುತ್ತದೆ. ಲೇಪನದ ವಾರಂಟಿ 3 ವರ್ಷದ್ದಾಗಿದ್ದರೆ, ಅದು ಮುಗಿದ ಮೇಲೂ 24 ಕಂತುಗಳು ಬಾಕಿಯಿರುತ್ತವೆ.

ವಾಹನ ವಿಮೆಯಲ್ಲಿ ಕಾರಿನ ಮೌಲ್ಯವನ್ನು ತಯಾರಕರ ಪಟ್ಟಿ ಬೆಲೆಯಿಂದ ನಿಗದಿಪಡಿಸಲಾಗುತ್ತದೆ. ಪ್ರತ್ಯೇಕವಾಗಿ ನಮೂದಿಸಿರದ ಲೇಪನದ ಹಣ ಅದರಲ್ಲಿ ಸೇರಿರುವುದಿಲ್ಲ. ಅಪಘಾತದ ನಂತರ ಒಂದು ಬಾಗಿಲಿಗೆ ಹೊಸದಾಗಿ ಬಣ್ಣ ಬಳಿದರೆ ಆ ಭಾಗದ ಲೇಪನವೂ ಹೋದಂತೆಯೇ. ವಾರಂಟಿ ಪತ್ರದಲ್ಲಿ ಆರು ತಿಂಗಳಿಗೊಮ್ಮೆ ಹಣ ತೆತ್ತು ಪರೀಕ್ಷೆ ಮಾಡಿಸಬೇಕೆಂಬ ಷರತ್ತು ಇರುವುದುಂಟು, ಒಂದು ಬಾರಿ ತಪ್ಪಿದರೂ ವಾರಂಟಿ ರದ್ದಾಗಬಹುದು. ಪತ್ರಕ್ಕೆ ಹೊಣೆ ಮಳಿಗೆಯೋ, ಲೇಪನದ ಕಂಪನಿಯೋ ಎಂಬುದನ್ನೂ ನೋಡತಕ್ಕದ್ದು.

"ಉಚಿತ ಲೇಪನ" ನೀಡುವುದಾಗಿ ಹೇಳಿದಲ್ಲಿ ಅದರ ಬದಲು ಬೆಲೆಯಲ್ಲಿ ರಿಯಾಯಿತಿ ಕೇಳಬಹುದು. ಸಾಮಾನ್ಯವಾಗಿ ಅದೇ ಲಾಭದಾಯಕ.

ಲೇಪನ ಮಾಡಿಸಲು ನಿರ್ಧರಿಸಿದಲ್ಲಿ ಕೆಲಸವನ್ನು ಕಣ್ಣಾರೆ ನೋಡುವುದು ಒಳಿತು. ಸೆರಾಮಿಕ್ ಪದರದ ದಪ್ಪವು ಮಳಿಗೆಯ ಅಳತೆಯಂತ್ರದ ತಪ್ಪಿನ ಮಿತಿಯೊಳಗೇ ಇರುವುದರಿಂದ, ಹಾಕಿದ್ದಾರೆಯೇ ಇಲ್ಲವೇ ಎಂಬುದನ್ನು ನಂತರ ಅಳೆದು ಹೇಳುವುದು ಕಷ್ಟ. ತೊಳೆದು, ಕಸ ತೆಗೆದು, ಅಗತ್ಯವಿದ್ದಷ್ಟು ಪಾಲಿಷ್ ಮಾಡಿ, ಎಣ್ಣೆಯ ಅಂಶ ಒರೆಸಿ, ಧೂಳಿಲ್ಲದ ಕೋಣೆಯಲ್ಲಿ ಲೇಪಿಸಿ ಗಟ್ಟಿಯಾಗಲು ಬಿಡುವ ಈ ಕೆಲಸಕ್ಕೆ ಕನಿಷ್ಠ ಒಂದು ದಿನ ಬೇಕು. ಬೆಳಿಗ್ಗೆ ಹಣ ಪಡೆದು ಮಧ್ಯಾಹ್ನ ಪೂಜೆಗೆ ಕಾರು ಕೊಟ್ಟರೆ ಸಂಶಯಪಡಲು ಕಾರಣವಿದೆ. ಹೊಸ ಕಾರಿಗೆ ಬಿರುಸಾದ ಪಾಲಿಷ್ ಬೇಕಿಲ್ಲ, ಅದು ಕ್ಲಿಯರ್ ಕೋಟನ್ನೇ ಸವೆಸುತ್ತದೆ.

ಬಣ್ಣ ಬದಲಿಸುವ ಹಾಳೆ ಹಾಗೂ ಗಾಜಿನ ಫಿಲಂ

ಪಾರದರ್ಶಕ ಹಾಳೆಗೆ ಅನುಮತಿ ಬೇಕಿಲ್ಲ. ಆದರೆ ಕಾರಿನ ಬಣ್ಣವು ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಬೇರೆ ಬಣ್ಣದ ಹಾಳೆಯನ್ನು ಇಡೀ ಕಾರಿಗೆ ಸುತ್ತಿಸಿದರೆ ದಾಖಲೆಗೂ ವಾಹನಕ್ಕೂ ವ್ಯತ್ಯಾಸವುಂಟಾಗುವುದರಿಂದ ಮುಂಚಿತವಾಗಿ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ಪ್ಯಾಕೇಜಿನಲ್ಲಿ ಗಾಜಿನ ಕಪ್ಪು ಫಿಲಂ ಸೇರಿದ್ದಲ್ಲಿ ಅದನ್ನು ನಿರಾಕರಿಸುವುದು ಕ್ಷೇಮ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 100ರಂತೆ ಮುಂದಿನ ಮತ್ತು ಹಿಂದಿನ ಗಾಜುಗಳ ಮೂಲಕ ಶೇ. 70ರಷ್ಟು, ಪಕ್ಕದ ಗಾಜುಗಳ ಮೂಲಕ ಶೇ. 50ರಷ್ಟು ಬೆಳಕು ಹಾಯಬೇಕು. ಕಪ್ಪು ಫಿಲಂಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಆದೇಶ ನೀಡಿದೆ. ದಂಡ ತೆರಬೇಕಾದವರು ವಾಹನದ ಕಡೆಯವರೇ ಹೊರತು ಫಿಲಂ ಅಂಟಿಸಿದವರಲ್ಲ.

ಬಲವಂತದ ಮಾರಾಟ ಮತ್ತು ದೂರು

ಲೇಪನ ತೆಗೆದುಕೊಂಡರೆ ಮಾತ್ರ ಕಾರು ಕೊಡುವುದಾಗಿ ಷರತ್ತು ವಿಧಿಸುವುದು ಗ್ರಾಹಕರ ಸಂರಕ್ಷಣಾ ಕಾಯ್ದೆ, 2019ರ ಪ್ರಕರಣ 2(41)ರಲ್ಲಿ ವಿವರಿಸಿರುವ ನಿರ್ಬಂಧಿತ ವ್ಯಾಪಾರ ಪದ್ಧತಿಯ ವ್ಯಾಪ್ತಿಗೆ ಬರುತ್ತದೆ. ಬಿಲ್ಲು ನೀಡದಿರುವುದು ಪ್ರಕರಣ 2(47)ರ ಅನುಚಿತ ವ್ಯಾಪಾರ ಪದ್ಧತಿ. ಅಂತರ್ಜಾಲದಲ್ಲಿ ಬುಕಿಂಗ್ ಮಾಡುವಾಗ ಗ್ರಾಹಕರ ಒಪ್ಪಿಗೆಯಿಲ್ಲದೆ ಹೆಚ್ಚುವರಿ ಬಾಬುಗಳನ್ನು ಸೇರಿಸುವುದನ್ನು 2023ರ ನವೆಂಬರ್‌ನಲ್ಲಿ ಹೊರಡಿಸಿದ ಕೇಂದ್ರದ ಮಾರ್ಗಸೂಚಿಗಳು ನಿಷೇಧಿಸಿವೆ.

ಮೊದಲು ಮಳಿಗೆಯ ವ್ಯವಸ್ಥಾಪಕರಿಗೆ ಲಿಖಿತ ಪತ್ರ ನೀಡಿ ಸ್ವೀಕೃತಿ ಪಡೆಯುವುದು, ಅನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ಸೂಕ್ತ. ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಮಳಿಗೆಯು ಬೆಂಗಳೂರು ನಗರದಲ್ಲಿದ್ದರೂ ದೂರುದಾರರು ತಾವು ವಾಸಿಸುವ ಜಿಲ್ಲೆಯ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ವ್ಯಾಜ್ಯದ ಕಾರಣ ಉಂಟಾದ 2 ವರ್ಷಗಳೊಳಗೆ ದೂರು ಸಲ್ಲಿಸಬೇಕು. ದೂರಿನೊಂದಿಗೆ ಬುಕಿಂಗ್ ನಮೂನೆ, ಅಂದಾಜು ಪಟ್ಟಿ, ತೆರಿಗೆ ಸಹಿತ ಪ್ರತ್ಯೇಕ ಬಿಲ್ಲು, ವಾರಂಟಿ ಪತ್ರ ಹಾಗೂ ಮಾರಾಟ ಪ್ರತಿನಿಧಿಯೊಂದಿಗೆ ನಡೆದ ಸಂದೇಶಗಳ ಪ್ರತಿಗಳನ್ನು ಲಗತ್ತಿಸತಕ್ಕದ್ದು. ಬಿಲ್ಲನ್ನು ನೀಡಲು ನಿರಾಕರಿಸಿದ್ದಲ್ಲಿ ಹಣ ವರ್ಗಾವಣೆಯ ಬ್ಯಾಂಕ್ ವಿವರವನ್ನು ಹಾಜರುಪಡಿಸಬಹುದು.