ವಿಮಾ ಕಟ್ಟಡದ ಡೇಗೆಗಳು

ಡೇಗೆ ಎಂದೊಡನೆ ನಿಮ್ಮ ಕಣ್ಣಿಗೆ ಬೆಟ್ಟದ ಕಡಿದಾದ ಬಂಡೆ ಕಟ್ಟಬೇಕು. ಅದರ ಇರುಕಿನಲ್ಲಿ ಮೊಟ್ಟೆಯಿಟ್ಟು, ಕೆಳಗೆ ಹಾರುವ ಪಾರಿವಾಳದ ಮೇಲೆ ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎರಗುವ ಹಕ್ಕಿ ಅದು. ಇಂಗ್ಲಿಷಿನವರು ಅದಕ್ಕೆ ಪೆರಿಗ್ರೀನ್, ಎಂದರೆ ಅಲೆಮಾರಿ, ಎಂದು ಹೆಸರಿಟ್ಟಿದ್ದಾರೆ. ಇಂಥದು ಪೇಟೆಯ ನಡುವೆ ಸಂಸಾರ ಹೂಡಿತೆಂದರೆ ನಂಬುತ್ತೀರಾ? ಹೂಡಿದ್ದು ಒಮ್ಮೆಯಲ್ಲ, ಎರಡು ಸಲ. ಎರಡೂ ಸಲ ಅದಕ್ಕೆ ಆಸರೆ ಕೊಟ್ಟದ್ದು ವಿಮಾ ಕಂಪನಿಯ ಕಟ್ಟಡವೆಂಬುದು ಒಂದು ತಮಾಷೆ.

ಮೊದಲನೆಯದು ಕೆನಡದ ಮಾಂಟ್ರಿಯಲ್ ನಗರದ ಸನ್ ಲೈಫ್ ಕಟ್ಟಡ. 1936ರಲ್ಲಿ ಒಂದು ಜೋಡಿ ಅಲ್ಲಿಗೆ ಬಂದಿತು. ಡೇಗೆ ಕಡ್ಡಿ ತಂದು ಗೂಡು ಕಟ್ಟುವ ಜಾತಿಯಲ್ಲ. ಮಣ್ಣನ್ನೋ ಜಲ್ಲಿಯನ್ನೋ ಕೆರೆದು ತಗ್ಗು ಮಾಡಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಕಲ್ಲುಕಟ್ಟಡದ ಅಂಚಿನಲ್ಲಿ ಕೆರೆಯುವುದೇನನ್ನು? ಮೊದಮೊದಲು ಅದರ ಪಾಡು ಫಲಿಸಲಿಲ್ಲ. 1940ರಲ್ಲಿ ಊರಿನ ಪಕ್ಷಿಪ್ರಿಯರು ಇಪ್ಪತ್ತನೆಯ ಮಹಡಿಯ ಅಂಚಿನಲ್ಲಿ ಜಲ್ಲಿ ತುಂಬಿದ ಮರದ ಪೆಟ್ಟಿಗೆಯನ್ನು ಇಟ್ಟರು. ಆಮೇಲೆ 1952ರವರೆಗೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಮರಿಗಳು ಬೆಳೆದು ಹಾರಿದವು. ಹಾರ್ಪರ್ ಹಾಲ್ ಎಂಬವರು ವರ್ಷಾನುಗಟ್ಟಲೆ ಕಾದು ನೋಡಿ, ಅವುಗಳ ಬಾಳನ್ನು ಬರೆದಿಟ್ಟರು.

ಆ 1940ರ ಬೇಸಗೆಯಲ್ಲಿ ಅದೇ ಕಟ್ಟಡದ ನೆಲಮಾಳಿಗೆಗೆ ಇನ್ನೊಂದು ಸರಕು ಗುಟ್ಟಾಗಿ ಬಂದಿತ್ತು. ಹಿಟ್ಲರನ ಕೈಗೆ ಸಿಕ್ಕೀತೆಂಬ ಭಯದಿಂದ ಬ್ರಿಟನ್ ಸಾಗಿಸಿದ ಸಾಲಪತ್ರ, ಷೇರುಪತ್ರಗಳ ಭಂಡಾರ ಅದು. ಮೇಲೆ ಡೇಗೆಗೆ ಪೆಟ್ಟಿಗೆ, ಕೆಳಗೆ ಸಾಮ್ರಾಜ್ಯಕ್ಕೆ ಪೆಟ್ಟಿಗೆ! ಅದೇ ವರ್ಷ ಬ್ರಿಟಿಷ್ ಸರ್ಕಾರ ತನ್ನ ನಾಡಿನಲ್ಲಿ ಡೇಗೆಗಳನ್ನು ಕೊಲ್ಲುವ ಆಜ್ಞೆ ಹೊರಡಿಸಿತು. ಸೈನ್ಯದ ಸಂದೇಶ ಹೊತ್ತು ಬರುವ ಪಾರಿವಾಳಗಳನ್ನು ಅವು ಹಿಡಿಯುತ್ತಿದ್ದುವಲ್ಲ! ಯುದ್ಧದ ಕಾಲದಲ್ಲಿ ಸುಮಾರು 600 ಡೇಗೆಗಳು ಹೀಗೆ ಸತ್ತವು. ಆದರೂ ಈ ಕುಲವನ್ನು ಮುಗಿಸಹೊರಟದ್ದು ಗುಂಡಲ್ಲ, ಪುಡಿ.

ಡಿ.ಡಿ.ಟಿ. ಎಂದರೆ ನಮ್ಮ ಮಲೆನಾಡಿನ ಹಿರಿಯರು ಕೈಯೆತ್ತಿ ಮುಗಿದಾರು. 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗುವ ಮುನ್ನ ನಮ್ಮ ದೇಶದಲ್ಲಿ ಆ ಜ್ವರದಿಂದ ವರ್ಷಕ್ಕೆ ಸುಮಾರು 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. ಮನೆಯ ಗೋಡೆಗೆ ಸಿಂಪಡಿಸಿದ ಆ ಮದ್ದು ಎಷ್ಟೋ ಊರುಗಳನ್ನು ಉಳಿಸಿತು. ಅದನ್ನು ಬರಿಯ ವಿಷವೆಂದು ಬೈಯಲು ನನಗೆ ನಾಲಗೆ ಏಳದು. ಆದರೆ ಅಮೆರಿಕದಲ್ಲಿ ಅದನ್ನು ಹೊಲದ ಮೇಲೆ, ಕಾಡಿನ ಮೇಲೆ ವಿಮಾನದಿಂದ ಸುರಿದರು. ಹುಳುವಿನಿಂದ ಸಣ್ಣ ಹಕ್ಕಿಗೆ, ಸಣ್ಣ ಹಕ್ಕಿಯಿಂದ ಡೇಗೆಗೆ ಅದು ಏರುತ್ತ ಏರುತ್ತ ಸಾಂದ್ರವಾಯಿತು. ಮೊಟ್ಟೆಯ ಚಿಪ್ಪಿಗೆ ಸೇರಬೇಕಾದ ಸುಣ್ಣ ಸೇರಲಿಲ್ಲ. ಕಾವು ಕೊಡಲು ಕುಳಿತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯಿತು.

ಇದನ್ನು ಪತ್ತೆಹಚ್ಚಿದವರು ಇಂಗ್ಲೆಂಡಿನ ಡೆರೆಕ್ ರ್ಯಾಟ್‌ಕ್ಲಿಫ್. ಹಿಂದೆ ಹವ್ಯಾಸಿಗಳು ಗೂಡಿನಿಂದ ಕದ್ದು ಕೂಡಿಟ್ಟಿದ್ದ ಮೊಟ್ಟೆಗಳನ್ನು ಅಳೆದು ತೂಗಿ ನೋಡಿದರೆ, 1947ರ ಸುಮಾರಿನಿಂದ ಚಿಪ್ಪು ಐದರಲ್ಲೊಂದು ಪಾಲಿನಷ್ಟು ತೆಳುವಾಗಿತ್ತು. 1967ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಳ್ಳರ ಗಂಟು ಸಾಕ್ಷಿಯಾಗಿ ಬಂದದ್ದು ಹೀಗೆ. ಅಷ್ಟರಲ್ಲಿ ಅಮೆರಿಕದ ಪೂರ್ವಭಾಗದಲ್ಲಿ ಕಾಲ ಮಿಂಚಿತ್ತು. 1964ರಲ್ಲಿ ಅಲ್ಲಿಯ 133 ಹಳೆಯ ನೆಲೆಗಳನ್ನು ಹುಡುಕಿದವರಿಗೆ ಒಂದರಲ್ಲಿಯೂ ಡೇಗೆ ಕಾಣಲಿಲ್ಲ.

ಡಿ.ಡಿ.ಟಿ. ಬಳಕೆಯನ್ನು ಅಮೆರಿಕ 1972ರಲ್ಲಿ ನಿಲ್ಲಿಸಿತು. ಹೋದ ಹಕ್ಕಿಯನ್ನು ಕರೆತರುವುದು ಹೇಗೆ? ಇಲ್ಲಿ ನೆರವಿಗೆ ಬಂದದ್ದು ಬೇಟೆಗಾರರ ಹಳೆಯ ವಿದ್ಯೆ. ಡೇಗೆಯನ್ನು ಪಳಗಿಸಿ ಬೇಟೆಯಾಡುವ ವಿನೋದ ನಮಗೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿಯೇ ಮಾನಸೋಲ್ಲಾಸದಲ್ಲಿ ಅದನ್ನು ವಿವರಿಸಿದ್ದಾನೆ. ಕಾರ್ನೆಲ್ ವಿಶ್ವವಿದ್ಯಾನಿಲಯದ ಟಾಮ್ ಕೇಡ್ ಅವರು 1970ರಲ್ಲಿ ಪೆರಿಗ್ರೀನ್ ಫಂಡ್ ಎಂಬ ಸಂಸ್ಥೆಯನ್ನು ಕಟ್ಟಿ, ಡೇಗೆಗಳನ್ನು ಸಾಕಿ ಮರಿ ಮಾಡಿಸಿದರು. ಮರಿಗಳನ್ನು ಎತ್ತರದ ಪೆಟ್ಟಿಗೆಯಲ್ಲಿಟ್ಟು, ಮನುಷ್ಯನ ಮುಖ ತೋರಿಸದೆ ಉಣಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟುಬಿಡುವುದು ಕ್ರಮ. ಹಳೆಯ ಬಂಡೆಗಳಲ್ಲಿ ದೊಡ್ಡ ಗೂಬೆಗಳು ಮರಿಗಳನ್ನು ತಿಂದುಹಾಕುತ್ತಿದ್ದುವು. ಪೇಟೆಯಲ್ಲಿ ಆ ಗೂಬೆಯ ಕಾಟ ಕಡಮೆ, ಪಾರಿವಾಳಕ್ಕಂತೂ ಬರವಿಲ್ಲ.

ಹೀಗೆ ಬಿಟ್ಟ ಹೆಣ್ಣೊಂದು 1970ರ ದಶಕದ ಕೊನೆಯಲ್ಲಿ ಬಾಲ್ಟಿಮೋರ್ ನಗರದ ಎರಡನೆಯ ವಿಮಾ ಕಟ್ಟಡವನ್ನು ಹುಡುಕಿಕೊಂಡಿತು. ಮೂವತ್ತಮೂರನೆಯ ಮಹಡಿಯ ಅಂಚು ಅದರ ಮನೆ. ಜನ ಅದನ್ನು ಸ್ಕಾರ್ಲೆಟ್ ಎಂದು ಕರೆದರು. ವರುಷ ವರುಷವೂ ಮೊಟ್ಟೆಯಿಟ್ಟಿತು, ಒಂದೂ ಮರಿಯಾಗಲಿಲ್ಲ. ಗಂಡು ತಂದು ಬಿಟ್ಟರು, ಅದೂ ಕೈಹತ್ತಲಿಲ್ಲ. ಆಗ ಸಾಕಿದ ಮರಿಗಳನ್ನು ತಂದು ಅದರ ಮುಂದಿಟ್ಟರು. ಪರರ ಮಕ್ಕಳೆಂದು ಅದು ದೂರ ಮಾಡಲಿಲ್ಲ. ಬೇಟೆ ತಂದು ತುತ್ತಿಟ್ಟು ಸಾಕಿತು. 1984ರಲ್ಲಿ ತಾನಾಗಿ ಬಂದ ಗಂಡೊಂದರ ಜೊತೆಗೂಡಿ ತನ್ನವೇ ನಾಲ್ಕು ಮರಿಗಳನ್ನು ಬೆಳೆಸಿತು. ಅದೇ ವರ್ಷ ಕಾಯಿಲೆ ಬಿದ್ದು ಸತ್ತಿತು.

ಅಷ್ಟು ಹೊತ್ತಿಗೆ ನ್ಯೂಯಾರ್ಕಿನ ಸೇತುವೆಗಳ ಮೇಲೆಯೂ ಡೇಗೆ ಮರಿ ಮಾಡತೊಡಗಿತ್ತು. 1999ರಲ್ಲಿ ಅಮೆರಿಕ ಸರ್ಕಾರ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಿಂದ ಅದರ ಹೆಸರನ್ನು ತೆಗೆದಾಗ, ಕೆನಡವೂ ಸೇರಿ ಕನಿಷ್ಠ 1,650 ಜೋಡಿಗಳಿದ್ದುವು. ಈ ಶತಮಾನದಲ್ಲಿ ಮಾಂಟ್ರಿಯಲಿಗೂ ಡೇಗೆ ಮರಳಿ ಬಂದಿತು. ಈ ಸಲ ವಿಮಾ ಕಂಪನಿಯಲ್ಲ, ವಿಶ್ವವಿದ್ಯಾನಿಲಯದ ಗೋಪುರ. ಅಲ್ಲಿಯೂ ಅದಕ್ಕೆ ಇಟ್ಟದ್ದು ಜಲ್ಲಿ ತುಂಬಿದ ಪೆಟ್ಟಿಗೆಯನ್ನೇ.